ಹಾಸಿಗೆಯ ಕೆಳಗಿನ ಪತ್ತೇದಾರಿ ಕಾದಂಬರಿಗಳು

ನಮ್ಮ ಮನೆಯಲ್ಲಿ ಮಲಗುವುದೂ ಒಂದು ಕೆಲಸ. ಮದುವೆಯಾಗಿ ಬಂದ ಮಾರನೆಯ ದಿನವೇ ಮಾವ ನನಗೆ ಇದನ್ನು ಹೇಳಿದರು.

ಅವರು ಪುಸ್ತಕಗಳಿಗೆ ಬೈಂಡು ಹಾಕುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲೊಂದು ಕಬ್ಬಿಣದ ಪ್ರೆಸ್ಸು ಇದೆ. ಅಂಟು ಹಚ್ಚಿದ ಪುಸ್ತಕವನ್ನು ಅದರೊಳಗಿಟ್ಟು ತಿರುಪು ಬಿಗಿದರೆ ಒಣಗುವಾಗ ರಟ್ಟು ಡೊಂಕಾಗುವುದಿಲ್ಲ. ಆದರೆ ಅದರ ಹೊಟ್ಟೆ ಚಿಕ್ಕದು. ಕೆಲಸ ಜಾಸ್ತಿಯಾದಾಗ ಮಾವ ಪುಸ್ತಕಗಳನ್ನು ಎರಡು ಹಲಗೆಗಳ ನಡುವೆ ಸಾಲಾಗಿ ಜೋಡಿಸಿ, ಆ ಹಲಗೆಗಳನ್ನು ಮಂಚದ ಮೇಲಿಟ್ಟು, ಮೇಲೆ ಹಾಸಿಗೆ ಹಾಸುತ್ತಾರೆ. ಹಾಸಿಗೆಯ ಮೇಲೆ ನಾವು. ಬೆಳಗಾಗುವಷ್ಟರಲ್ಲಿ ಪುಸ್ತಕಗಳು ಚಪ್ಪಟೆಯಾಗಿ, ನೆಟ್ಟಗೆ ಒಣಗಿರುತ್ತವೆ. ಮಾವನ ಅಪ್ಪನ ಕಾಲದಿಂದಲೂ ಇದೇ ಪದ್ಧತಿ. ದಪ್ಪ ಪುಸ್ತಕಗಳು ಅತ್ತೆ ಮಾವನ ಮಂಚಕ್ಕೆ, ತೆಳ್ಳಗಿನವು ನನ್ನ ಗಂಡನ ಮಂಚಕ್ಕೆ. ನನ್ನನ್ನು ಹೆಣ್ಣು ನೋಡಿ ಮನೆಗೆ ವಾಪಸಾಗುವಾಗ ಮಾವ ಅತ್ತೆಗೆ, "ಹುಡುಗಿ ಒಳ್ಳೆಯವಳೇ, ಆದ್ರೆ ನಿಘಂಟಿಗೆ ತೂಕ ಸಾಲಲ್ಲ" ಎಂದಿದ್ದರಂತೆ. ಮದುವೆಯ ದಿನವೇ ಗಂಡ ಇದನ್ನು ನಗುತ್ತಾ ಹೇಳಿದ್ದ. ಅದರಲ್ಲಿ ನಿಘಂಟು ಎಲ್ಲಿಂದ ಬಂತೆಂದು ಆಗ ನನಗೆ ತಿಳಿದಿರಲಿಲ್ಲ.

ತಿಗಣೆ ಕಾಣಿಸಿಕೊಂಡದ್ದು ನಾನು ಆ ಮನೆಗೆ ಬಂದ ಕೆಲವೇ ವಾರಗಳಲ್ಲಿ. ನನ್ನ ಪೀಕಲಾಟಕ್ಕೆ ಅಷ್ಟು ಸಾಕಾಯಿತು.

ನಾನು ಡ್ರೈಕ್ಲೀನಿಂಗ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿ ತಂದ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಬೇಕು. ಕಾಲರು, ತೋಳಿನ ತುದಿ, ಜೇಬಿನ ಒಳಗು ಎಲ್ಲ ಮಗುಚಿ ಕಲೆ ಎಲ್ಲಿದೆ, ಯಾತರದ್ದು ಎಂದು ನೋಡಿ ಚೀಟಿ ಪಿನ್ನು ಮಾಡಿ ಒಳಗೆ ಕಳಿಸಬೇಕು. ಚಹಾ, ತುಕ್ಕು, ಶಾಯಿ, ಬೆವರು. ಗಿರಾಕಿಗಳು ಕಲೆಯ ವಿಷಯದಲ್ಲಿ ಸುಳ್ಳು ಹೇಳುತ್ತಾರೆ, ಬಟ್ಟೆ ಹೇಳುವುದಿಲ್ಲ. ಮದುವೆಗೆ ಮುಂಚೆಯೂ ಅದೇ ಕೆಲಸ ಮಾಡುತ್ತಿದ್ದೆ. ಮದುವೆಯ ನಂತರ ನನ್ನ ದಿನದಲ್ಲಿ ನನ್ನದೆಂದು ಉಳಿದದ್ದು ಆ ಕೌಂಟರಿನ ಅಗಲದಷ್ಟು ಜಾಗ ಮಾತ್ರ. ಅದನ್ನು ಬಿಡುವ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ. ಕನಸು ಬೀಳುವಷ್ಟು ನಿದ್ದೆಯೂ ಆ ದಿನಗಳಲ್ಲಿ ಬರುತ್ತಿರಲಿಲ್ಲ, ಆ ಮಾತು ಬೇರೆ.

ಅತ್ತೆಯ ಲೆಕ್ಕ ನೇರವಾಗಿತ್ತು. ಈ ಮನೆಯಲ್ಲಿ ಯಾವತ್ತೂ ತಿಗಣೆ ಇರಲಿಲ್ಲ. ಸೊಸೆ ಬಂದಳು, ತಿಗಣೆ ಬಂತು. ಸೊಸೆ ದಿನವಿಡೀ ಊರಿನವರ ಮೈಮೇಲಿನ ಬಟ್ಟೆ ಮುಟ್ಟುತ್ತಾಳೆ. ಇನ್ನೇನು ಬೇಕು? ಇದನ್ನು ಅವರು ನನ್ನ ಮುಖಕ್ಕೆ ಹೊಡೆದಂತೆ ಹೇಳಲಿಲ್ಲ. ಪಕ್ಕದ ಮನೆಯವಳಿಗೆ ಹೇಳಿದರು, ಫೋನಿನಲ್ಲಿ ತಮ್ಮ ಅಕ್ಕನಿಗೆ ಹೇಳಿದರು, ನಾನು ಅಡುಗೆಮನೆಗೆ ಬಂದಾಗ ದನಿ ತಗ್ಗಿಸಿದರು. ಆಮೇಲೆ ಹೊಸ ನಿಯಮ ಬಂತು. ನಾನು ಕೆಲಸದಿಂದ ಬಂದವಳೇ ಯಾರನ್ನೂ ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಬೇಕು, ಉಟ್ಟದ್ದನ್ನೆಲ್ಲ ಬಿಸಿನೀರಿನ ಬಕೆಟ್ಟಿಗೆ ಹಾಕಬೇಕು. ಹಾಕಿದೆ. ನನ್ನ ನೀಲಿ ಚೂಡಿದಾರ ಬೂದಿ ಬಣ್ಣಕ್ಕೆ ತಿರುಗಿತು. ತಿಗಣೆಗಳು ಮಾತ್ರ ಕೆಂಪಗೆ, ಗುಂಡಗೆ ಬೆಳೆದವು.

ಮನೆಯವರೆಲ್ಲ ಕೈಲಾದದ್ದನ್ನು ಮಾಡಿದರು. ಗಂಡ ಮಂಚಗಳನ್ನು ಬಿಚ್ಚಿ ಕಾಲುಗಳ ಸಂದಿಗೆ ಕುದಿಯುವ ನೀರು ಹೊಯ್ದ. ಅತ್ತೆ ಕನ್ನಡಕ ಹಾಕಿಕೊಂಡು, ಸೂಜಿ ಹಿಡಿದು, ಹಾಸಿಗೆಯ ಹೊಲಿಗೆಯನ್ನು ಬೆರಳಗಲ ಬೆರಳಗಲವಾಗಿ ಶೋಧಿಸಿದರು. ದಿಂಬುಗಳು ಬಿಸಿಲು ಕಂಡವು. ಗೋಡೆಯ ಬಿರುಕುಗಳಿಗೆ ಮಾವ ಸಿಮೆಂಟು ಮೆತ್ತಿದರು. ಬೆಳಿಗ್ಗೆ ಎದ್ದಾಗ ಮತ್ತೆ ತೋಳಿನ ಮೇಲೆ ಸಾಲಾಗಿ ದದ್ದು. ನಾಲ್ವರೂ ತಿಂಡಿಗೆ ಕೂತು ಒಬ್ಬರ ಮುಖ ಒಬ್ಬರು ನೋಡದೆ ತುರಿಸಿಕೊಳ್ಳುತ್ತಿದ್ದೆವು.

ಕಡೆಗೆ ಗಂಡ ಬಾಯಿ ಬಿಟ್ಟ. ಅವನನ್ನು ಮುಂದೆ ತಳ್ಳಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

"ತಿಂಗಳ ಕೊನೆವರೆಗೂ ನೋಡೋಣ. ಅಷ್ಟರೊಳಗೆ ಹೋಗ್ಲಿಲ್ಲ ಅಂದ್ರೆ ಅಂಗಡಿ ಕೆಲಸ ಬಿಡು. ಬಿಟ್ಟ ಮೇಲೂ ತಿಗಣೆ ಇದ್ರೆ ಮತ್ತೆ ಸೇರ್ಕೋಬಹುದಲ್ಲ."

"ಕೆಲಸ ಅಂದ್ರೆ ಬಸ್ ಸೀಟಾ, ಕರ್ಚೀಫ್ ಹಾಕಿಟ್ಟು ಇಳಿದು ಹೋಗೋಕೆ?"

ಅವನು ಕುತ್ತಿಗೆ ತುರಿಸಿಕೊಂಡ. ಪಾಪ, ಅವನಿಗೂ ನಿದ್ದೆಯಿಲ್ಲ ಎಂದು ನನಗೇ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ಔಷಧಿ ಹೊಡೆಯುವವನನ್ನು ಕರೆಸಿದವಳು ನಾನೇ. ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು, ಮೂಗಿಗೆ ಬಟ್ಟೆ ಬಿಗಿದುಕೊಂಡು ಬಂದ. ಮನೆ ಖಾಲಿ ಮಾಡಿ ಎಂದ. ಮಾವ ಮೊದಲು ಹಾಸಿಗೆ ಎತ್ತಿ ಹಲಗೆಗಳನ್ನೂ ಪುಸ್ತಕಗಳನ್ನೂ ಹೊರಗೆ ಸಾಗಿಸಿದರು. ಔಷಧಿಯ ಹನಿ ಬಿದ್ದರೆ ಬೈಂಡಿನ ಬಟ್ಟೆ ಬಣ್ಣಗೆಡುತ್ತದೆ, ಗಿರಾಕಿಗೆ ಏನು ಹೇಳುವುದು? ಪುಸ್ತಕಗಳಿಗೂ ಒಂದು ಕೈ ಹೊಡೆಯಲೇ ಎಂದು ಔಷಧಿಯವನು ಕೇಳಿದ್ದಕ್ಕೆ ಮಾವನಿಗೆ ಅವಮಾನವಾದಂತಾಯಿತು.

"ನನ್ನ ಅಂಟಿಗೆ ಮೈಲುತುತ್ತ ಹಾಕ್ತೀನಪ್ಪಾ. ನಾನು ಬೈಂಡ್ ಮಾಡಿದ ಪುಸ್ತಕನ ಇವತ್ತಿಗೂ ಒಂದು ಹುಳ ಮುಟ್ಟಿಲ್ಲ."

ಅದು ನಿಜವೇ. ಮಾವ ಅಂಟು ಕಾಯಿಸುವಾಗ ಚಿಟಿಕೆ ನೀಲಿ ಪುಡಿ ಬೆರೆಸುತ್ತಾರೆ. ಗೆದ್ದಲಾಗಲಿ ಜಿರಲೆಯಾಗಲಿ ಅವರ ಪುಸ್ತಕದ ಹತ್ತಿರ ಸುಳಿಯುವುದಿಲ್ಲ. ಔಷಧಿಯವನು ಹೆಗಲು ಕೊಡವಿ ಒಳಗೆ ಹೋದ. ನಾವು ನಾಲ್ವರೂ ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಸಂಜೆಯವರೆಗೆ ಕಾದೆವು. ವಾಸನೆ ಇಳಿದ ಮೇಲೆ ಮಾವ ಪುಸ್ತಕಗಳನ್ನು ಒಂದೊಂದಾಗಿ ಒರೆಸಿ ಮತ್ತೆ ನಮ್ಮ ಹಾಸಿಗೆಗಳ ಕೆಳಗೆ ಜೋಡಿಸಿದರು.

ಕೆಲವು ದಿನ ನೆಮ್ಮದಿ. ಅತ್ತೆ ಒಂದು ಬೆಳಿಗ್ಗೆ ನನ್ನ ಲೋಟಕ್ಕೆ ತಾವೇ ಕಾಫಿ ಬಗ್ಗಿಸಿದರು. ಮರುವಾರ ಅವರ ಕಿವಿಯ ಹಿಂದೆ ಎರಡು ದದ್ದು ಎದ್ದವು. ಅವರು ನನ್ನ ಬಕೆಟ್ಟಿಗೆ ಬಿಸಿನೀರು ತುಂಬಿಸಿಟ್ಟರು. ಆ ನೀರು ನೋಡಿದಾಗ ಕೆಲಸ ಹೋಯಿತೆಂದೇ ಅಂದುಕೊಂಡೆ.

ತಿಂಗಳು ಮುಗಿಯುತ್ತಾ ಬಂದಿತ್ತು. ನನ್ನ ರಜೆಯ ದಿನ ಮಧ್ಯಾಹ್ನ ಮಾವ ಕರೆದು, ಒಣಗಿದ ಪುಸ್ತಕಗಳ ಧೂಳು ಒರೆಸಿಕೊಡಲು ಹೇಳಿದರು. ಅವು ಪತ್ತೇದಾರಿಯ ಪುಸ್ತಕಗಳು. ಪತ್ತೇದಾರಿ ಅಂದರೆ ಬಾಡಿಗೆ ಪುಸ್ತಕದ ಅಂಗಡಿ ಇಟ್ಟುಕೊಂಡವನು. ಅವನು ಬಾಡಿಗೆಗೆ ಕೊಡುವುದೆಲ್ಲ ಕೊಲೆ, ಕಳ್ಳತನ, ಓಡಿಹೋದ ಹೆಂಡತಿಯ ಕತೆಗಳು, ಅದಕ್ಕೇ ಆ ಅಡ್ಡಹೆಸರು. ಕೈಯಿಂದ ಕೈಗೆ ತಿರುಗಿ ಹಾಳೆ ಕಿತ್ತುಬಂದ ಕಾದಂಬರಿಗಳನ್ನು ಮೂಟೆಗಟ್ಟಲೆ ತಂದು ಹಾಕುತ್ತಿದ್ದ. ನನ್ನ ಗಂಡನ ಮಂಚದ ಪಾಲಿಗೆ ಬಂದವು ಅವೇ.

ಒಂದರ ರಟ್ಟು ತೆರೆದೆ. ಒಳಗೆ ಮಾವ ಅಂಟಿಸಿದ್ದ ಹೊಸ ಬಿಳಿ ಹಾಳೆ. ಮಡಿಕೆಯ ಪಕ್ಕದಲ್ಲಿ ಕಪ್ಪು ಚುಕ್ಕೆಗಳು, ಪೆನ್ನಿನ ಮೊನೆ ಊರಿದಷ್ಟು ಚಿಕ್ಕವು.

ಮಾವ ಬಗ್ಗಿ ನೋಡಿ ಶಾಯಿ ಇರಬೇಕು ಅಂದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಕೈ ಅಭ್ಯಾಸಬಲದಿಂದ ಹತ್ತಿಯ ತುಂಡನ್ನು ನೀರಲ್ಲಿ ಅದ್ದಿ ಒಂದು ಚುಕ್ಕೆಯ ಮೇಲೆ ಒತ್ತಿತು. ಹತ್ತಿಗೆ ಹತ್ತಿದ ಬಣ್ಣ ಕರಿಯೂ ಅಲ್ಲ, ನೀಲಿಯೂ ಅಲ್ಲ. ಕೆಂಗಂದು.

"ಮಾವ, ಇದು ರಕ್ತ."

"ಕೊಲೆ ಕಾದಂಬರಿ ಅಲ್ವೇನಮ್ಮಾ, ಇರುತ್ತೆ" ಎಂದು ಮಾವ ತಮ್ಮ ಜೋಕಿಗೆ ತಾವೇ ನಕ್ಕರು.

ನನಗೆ ನಗು ಬರಲಿಲ್ಲ. ಇನ್ನೊಂದು ತೆರೆದೆ, ಅದರಲ್ಲೂ ಅದೇ. ಮತ್ತೊಂದರಲ್ಲೂ. ಚುಕ್ಕೆಗಳೆಲ್ಲ ಬೆನ್ನಿನ ಕಡೆಗೆ ಹೋಗಿ ನಿಂತಿದ್ದವು. ಮಾವನ ಬೈಂಡಿನ ಹೆಚ್ಚುಗಾರಿಕೆ ಇರುವುದೇ ಬೆನ್ನಿನಲ್ಲಿ. ಬೇರೆಯವರು ಬೆನ್ನಿನ ಬಟ್ಟೆಯನ್ನು ಹಾಳೆಗಳಿಗೇ ಅಂಟಿಸಿಬಿಡುತ್ತಾರೆ. ಮಾವ ನಡುವೆ ತೆಳುವಾದ ಒಂದು ಪೊಳ್ಳು ಬಿಡುತ್ತಾರೆ. ಪುಸ್ತಕ ತೆರೆದಾಗ ಅಂಗೈಯಂತೆ ಬಿಚ್ಚಿಕೊಳ್ಳುತ್ತದೆ, ಮುಚ್ಚಿದಾಗ ಆ ಪೊಳ್ಳು ಕಾಣುವುದೇ ಇಲ್ಲ. ಅದನ್ನು ಕಲಿಯಲು ಅವರು ತಮ್ಮಪ್ಪನ ಕೈಯಲ್ಲಿ ವರ್ಷಗಟ್ಟಲೆ ಬೈಸಿಕೊಂಡಿದ್ದರಂತೆ.

"ಬೆನ್ನು ಬಿಚ್ಚಿ ನೋಡ್ಬೇಕು, ಮಾವ."

ಅವರು ನನ್ನನ್ನು ನೋಡಿದರು. ತಾವು ಕಟ್ಟಿದ ಪುಸ್ತಕವನ್ನು ತಾವೇ ಹರಿಯುವುದು ಅವರ ಜಾಯಮಾನದಲ್ಲಿ ಇಲ್ಲ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ನನ್ನ ಮಾತು ಸುಳ್ಳಾದರೆ, ತನ್ನ ತಪ್ಪು ಮುಚ್ಚಿಕೊಳ್ಳಲು ಮಾವನ ಕೆಲಸಕ್ಕೆ ಹೆಸರಿಟ್ಟಳು ಎನ್ನುವ ಮಾತೂ ಸೇರುತ್ತದೆ. ಆದರೂ ಪುಸ್ತಕ ಮುಂದೆ ಚಾಚಿದೆ.

ಮಾವ ಚಾಕು ತೆಗೆದುಕೊಂಡರು. ಹೆಬ್ಬೆರಳಿನಿಂದ ಒಮ್ಮೆ ಬೆನ್ನನ್ನು ಸವರಿ, ಮೇಲಿಂದ ಕೆಳಗೆ ಒಂದೇ ಗೀರು ಎಳೆದು, ಬಟ್ಟೆಯನ್ನು ಬಗೆದರು.

ಒಳಗೆ ತುಂಬಿದ ಮನೆ. ಅಜ್ಜ, ಅಜ್ಜಿ, ಮಕ್ಕಳು, ಮರಿಗಳು, ಬಿಳಿ ಮೊಟ್ಟೆಗಳು, ಕಳಚಿಟ್ಟ ಪೊರೆಗಳು. ಬೆಳಕು ಬಿದ್ದ ಕೂಡಲೇ ದೊಡ್ಡವು ಮೇಜಿನ ಮೇಲೆ ದಿಕ್ಕಾಪಾಲಾಗಿ ಓಡಿದವು. ಅತ್ತೆ ಸೀರೆ ಎತ್ತಿಹಿಡಿದು ಸ್ಟೂಲಿನ ಮೇಲೆ ಹತ್ತಿದರು. ನಾನು ಕುದಿಯುವ ನೀರು ತರಲು ಓಡಿದೆ. ವಾಪಸ್ಸು ಬಂದಾಗ ಮಾವ ಚಾಕು ಹಿಡಿದೇ ನಿಂತಿದ್ದರು.

"ಮೈಲುತುತ್ತ ಹಾಕಿದ್ದೆನಲ್ಲಾ" ಅಂದರು, ಯಾರಿಗೋ ಎಂಬಂತೆ.

"ಅವಕ್ಕೆ ಅಂಟು ಬೇಡ ಮಾವ. ಊಟಕ್ಕೆ ನಾವಿದ್ದೀವಿ. ಇಲ್ಲಿ ಬರೀ ವಾಸ."

ಮಾವ ಬಗ್ಗಿ ಆ ಪೊಳ್ಳನ್ನು ನೋಡಿದರು. ಅವರಿಗೆ ಬೇಸರವಾಗುತ್ತದೆಂದು ಕಾದೆ. ಅವರ ಹೊಟ್ಟೆ ಕುಲುಕತೊಡಗಿತು. "ಕೋಣೆ ಕಟ್ಟಿಸಿ, ಹಾಸಿಗೆ ಕೆಳಗೆ ಬಿಡಾರ ಕೊಟ್ಟು, ಮೇಲೆ ಊಟಾನೂ ಇಟ್ಟಿದ್ದೀನಿ ನೋಡು" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸ್ಟೂಲಿನ ಮೇಲಿಂದ ಅತ್ತೆ ಮಾತ್ರ ನಗದೆ, ಯೋಚಿಸುತ್ತಾ, ಪತ್ತೇದಾರಿಯ ಮೂಟೆಗಳು ಬರಲು ಶುರುವಾದದ್ದು ಯಾವಾಗ ಎಂದು ಕೇಳಿದರು. ಕೇಳಿ, ತಾವೇ ಬೆರಳು ಮಡಿಚಿ ಲೆಕ್ಕ ಹಾಕಿದರು. ಮದುವೆ ಮುಗಿದ ಮರುವಾರ. ಅದಕ್ಕೆ ಮುಂಚೆ ನಮ್ಮ ಹಾಸಿಗೆಯ ಕೆಳಗೆ ಇರುತ್ತಿದ್ದದ್ದು ಶಾಲೆಯ ಪುಸ್ತಕಗಳು, ಆಫೀಸಿನ ಕಡತಗಳು. ಅವನ್ನು ಯಾರೂ ಮಲಗಿಕೊಂಡು ಓದುವುದಿಲ್ಲ, ದಿಂಬಿನ ಕೆಳಗೆ ಇಟ್ಟುಕೊಳ್ಳುವುದಿಲ್ಲ. ಕೊಲೆಗಾರ ಯಾರೆಂದು ತಿಳಿಯುವ ತನಕ ಜನ ಹಾಸಿಗೆ ಬಿಟ್ಟು ಏಳದೆ ಓದುವ ಪುಸ್ತಕಗಳು ಇವು. ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಕತೆಯ ಜೊತೆ ತಿಗಣೆಯೂ ಬಾಡಿಗೆಗೆ ಹೋಗಿದೆ.

ಸಂಜೆ ಪತ್ತೇದಾರಿಯನ್ನು ಕರೆಸಿದಾಗ ಅವನು ಒಪ್ಪಲಿಲ್ಲ. ತನ್ನ ಪುಸ್ತಕಗಳೆಲ್ಲ ಒಳ್ಳೊಳ್ಳೆ ಮನೆಗಳಿಗೇ ಹೋಗುವುದು ಎಂದ.

"ಒಳ್ಳೆ ಮನೆಯವರಿಗೆ ರಕ್ತ ಇರಲ್ವಾ?" ಅಂದರು ಅತ್ತೆ.

ಆಮೇಲೆ ನಡೆದದ್ದು ಕೆಲಸ. ಗಂಡ ಹಲಗೆಗಳನ್ನು ಅಂಗಳದಲ್ಲಿ ನಿಲ್ಲಿಸಿ ಬಿಸಿನೀರು ಹೊಯ್ದ. ಮಾವ ಕೂತು ಒಂದೊಂದೇ ಬೆನ್ನನ್ನು ಬಿಚ್ಚಿದರು. ಎಲ್ಲದರಲ್ಲೂ ಸಿಗಲಿಲ್ಲ, ಆದರೆ ಎಲ್ಲವನ್ನೂ ಬಿಚ್ಚಿದರು. ಬಿಚ್ಚಿದವನ್ನು ನಾನು ಕರಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದೆ, ಗಂಡ ತಗಡಿನ ಮಾಡಿನ ಮೇಲೆ ಸುಡುಬಿಸಿಲಿಗೆ ಹಾಕಿದ. ಔಷಧಿಯವನು ಮತ್ತೆ ಬಂದ, ಮೊಟ್ಟೆ ಒಡೆಯುವ ಹೊತ್ತಿಗೆ ಇನ್ನೊಮ್ಮೆ ಬಂದ. ಈ ಸಲ ಮಾವ ಅವನ ಹಿಂದೆಯೇ ನಿಂತು, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ತೋರಿಸುತ್ತಿದ್ದರು. ಮಂಚದ ಮೇಲೆ ಪುಸ್ತಕ ಇಡುವುದು ನಿಂತಿತು. ಹಲಗೆಗಳ ಮೇಲೆ ಈಗ ಹಳೆಯ ಬೀಸುವ ಕಲ್ಲು ಕೂತಿದೆ. ಅದು ಮಗ್ಗುಲು ಬದಲಿಸುವುದಿಲ್ಲ, ನಮಗಿಂತ ವಾಸಿ ಎಂದು ಮಾವ ಒಪ್ಪಿಕೊಂಡಿದ್ದಾರೆ.

ನನ್ನ ಕೆಲಸದ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೋಗುತ್ತಿದ್ದೆ, ಬರುತ್ತಿದ್ದೆ. ತಿಂಗಳ ಕೊನೆ ಬಂತು, ದಾಟಿತು. ನಿದ್ದೆಯನ್ನು ಮಾತ್ರ ಇನ್ನೂ ನಂಬುವ ಧೈರ್ಯ ಬಂದಿರಲಿಲ್ಲ. ಹೊದಿಕೆಯ ಎಳೆ ತಾಗಿದರೂ ಎದ್ದು ಕೂರುತ್ತಿದ್ದೆವು.

ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಕಣ್ಣು ಬಿಟ್ಟೆ. ಕಿಟಕಿಯ ಬಿಸಿಲು ನೆಲ ದಾಟಿ ಗೋಡೆ ಹತ್ತಿತ್ತು. ಪಕ್ಕದಲ್ಲಿ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎದ್ದು ಹೊರಗೆ ಬಂದರೆ ಅತ್ತೆ ಆಗಷ್ಟೇ ತಮ್ಮ ಕೋಣೆಯಿಂದ ತಲೆಗೂದಲು ಕಟ್ಟಿಕೊಳ್ಳುತ್ತಾ ಬರುತ್ತಿದ್ದರು. ಒಳಗಿಂದ ಮಾವನ ಗೊರಕೆ ಕೇಳುತ್ತಿತ್ತು. ಅಂಗಡಿ ತೆರೆದಿಲ್ಲ, ಹಾಲು ಕಾಸಿಲ್ಲ. ಇಡೀ ಮನೆ ಮಲಗಿಬಿಟ್ಟಿತ್ತು. ನಾನು ತೋಳು ನೋಡಿಕೊಂಡೆ, ಅತ್ತೆ ಕಿವಿಯ ಹಿಂದೆ ಮುಟ್ಟಿ ನೋಡಿಕೊಂಡರು. ಏನೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಬಾಗಿಲಲ್ಲಿ ಪತ್ತೇದಾರಿ, ಹೆಗಲ ಮೇಲೆ ಹೊಸ ಮೂಟೆ. ಒಳಗೆ ಕಾಲಿಡಲು ಹೊರಟವನಿಗೆ ಅತ್ತೆ ಕೈ ಅಡ್ಡ ಹಿಡಿದು ಅಂಗಳ ತೋರಿಸಿದರು.

"ಅಲ್ಲೇ ಬಿಸಿಲಲ್ಲಿ ಇಳಿಸು. ಸಂಜೆ ನಮ್ಮ ಸೊಸೆ ಅಂಗಡಿಯಿಂದ ಬಂದು ನೋಡ್ತಾಳೆ. ಅವಳು ಹೂಂ ಅಂದ್ರೆ ಒಳಗೆ." ಆಮೇಲೆ ನನ್ನ ಕಡೆ ತಿರುಗಿ, "ನೀನೇನು ನೋಡ್ತಾ ನಿಂತೆ? ಹೊತ್ತಾಗಿಲ್ವಾ ಕೆಲಸಕ್ಕೆ?" ಎಂದರು.

ಮುಖ ತೊಳೆದು, ಸಿಕ್ಕ ಬಟ್ಟೆ ಹಾಕಿಕೊಂಡು ಓಡಿದೆ. ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತಲ್ಲೇ ಮತ್ತೆ ಕಣ್ಣು ಎಳೆಯಿತು. ಒಂದು ಸ್ಟಾಪು ಮುಂದೆ ಹೋಗಿ ಇಳಿದೆ. ಅವಸರಪಡದೆ ಹಿಂದಕ್ಕೆ ನಡೆದು ಬಂದೆ. ಅಂಗಡಿಯ ಶಟರು ಅರ್ಧ ಏರಿತ್ತು. ಬಗ್ಗಿ ಒಳಗೆ ಹೋಗಿ, ದೀಪ ಹಾಕಿ, ಮೊದಲ ಗಿರಾಕಿಯ ಕೋಟನ್ನು ಕೌಂಟರಿನ ಮೇಲೆ ಹರಡಿದೆ.