ಅರವತ್ತು ದಾಟಿದರೆ ನಡುಕ

ತಾಯಿಗೆ ಬಂದದ್ದು ಮಗಳಿಗೂ ಬಂದೇ ಬರುತ್ತದೆ ಎಂಬ ಮಾತನ್ನು ಟೈಲರಮ್ಮ ಎಂದೂ ನಂಬಿದವಳಲ್ಲ. ಹಳೇ ಕಾರಿನ ಸ್ಟೀರಿಂಗ್ ಅವಳ ಅಂಗೈಯಲ್ಲಿ ನಡುಗತೊಡಗಿದ ಮೇಲೆ ನಂಬಿದಳು.

ಅವಳ ತಾಯಿ ಕೊನೆಗಾಲದಲ್ಲಿ ಲೋಟ ಎತ್ತಿದರೆ ಅರ್ಧ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಆ ಕೈನಡುಕವನ್ನು ಹತ್ತಿರದಿಂದ ಕಂಡವಳಿಗೆ, ಹೆದ್ದಾರಿಯಲ್ಲಿ ವೇಗ ಅರವತ್ತು ದಾಟುತ್ತಿದ್ದಂತೆ ಬೆರಳುಗಳು ಅದುರಿದಾಗ ಎದೆ ಧಸಕ್ಕೆಂದಿತು.

"ರೀ, ನೀವು ಓಡಿಸುವಾಗ ಸ್ಟೀರಿಂಗ್ ನಡುಗುತ್ತಾ?" ಎಂದು ಮನೆಗೆ ಬಂದು ಗಂಡನನ್ನು ಕೇಳಿದಳು.

"ಇಲ್ವಲ್ಲ," ಎಂದ ಅವನು, ಟಿವಿಯಿಂದ ಕಣ್ಣು ಕೀಳದೆ. "ನಂಗೇನೂ ಗೊತ್ತಾಗಲಿಲ್ಲ."

"ಹಾಗಾದ್ರೆ ಅಮ್ಮಂದು ನಂಗೂ ಬಂತೇನೋ."

ಗಂಡ ಟಿವಿಯ ಚಾನೆಲ್ ಬದಲಾಯಿಸಿದ. "ಯಾವುದಕ್ಕೂ ಹುಷಾರಾಗಿರು," ಎಂದ.

ಅಷ್ಟು ಸಾಕಾಯಿತು. ಮೊದಲು ಹೆದ್ದಾರಿ ಬಿಟ್ಟಳು, ಆಮೇಲೆ ಕಾರನ್ನೇ ಬಿಟ್ಟಳು. ಅವಳ ಹೊಲಿಗೆ ಅಂಗಡಿಗೆ ಅದೇ ಕಾರಿನಲ್ಲಿ ಗಂಡನೇ ಬಿಟ್ಟು ಬರತೊಡಗಿದ. ಅವನು ಐವತ್ತು ದಾಟಿಸುತ್ತಲೇ ಇರಲಿಲ್ಲ. ಪಾಪ, ನನಗೋಸ್ಕರ ಇಷ್ಟು ನಿಧಾನ ಎಂದುಕೊಂಡಳು. ಹೊಲಿಗೆ ಯಂತ್ರದ ಮುಂದೆ ಕೂತರೂ ನೋಟ ಬಟ್ಟೆಯ ಮೇಲಲ್ಲ, ಬೆರಳ ಮೇಲೆ. ಹೆದರಿದವಳ ಮೇಲೆ ಹಾವು ಎಸೆದಂತೆ, ಒಂದು ದಿನ ಕತ್ತರಿ ಗೆರೆ ತಪ್ಪಿ ಗಿರಾಕಿಯ ಕೋಟಿನ ಬಟ್ಟೆ ಹಾಳಾಯಿತು. ಡಾಕ್ಟರ ಹತ್ತಿರ ಹೋಗಲೂ ಭಯ. ಅವರು ಹೆಸರಿಟ್ಟುಬಿಟ್ಟರೆ ಕಾಯಿಲೆ ಖಾಯಂ ಆಗಿಬಿಡುತ್ತದಲ್ಲ! ಕೆಲಸ ಕಡಿಮೆ ಮಾಡಿದಳು. ಮಧ್ಯಾಹ್ನಕ್ಕೇ ಶಟರ್ ಎಳೆದು ಮನೆ ಸೇರಿದರೆ ಹೊರಗೆ ಹೋಗಲು ನೆಪವಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ. ಗೋಡೆಗಳು ದಿನಕ್ಕೊಂದು ಗೇಣು ಹತ್ತಿರ ಸರಿದಂತಿತ್ತು.

"ಕಾರು ಮಾರಿಬಿಡೋಣ. ನಾನೇ ನೋಡ್ಕೋತೀನಿ, ನೀನು ತಲೆ ಕೆಡಿಸ್ಕೋಬೇಡ," ಎಂದ ಗಂಡ. ಹೇಳಿದ್ದಷ್ಟೇ, ಅವನ ನಾಳೆಗಳಿಗೆ ಲೆಕ್ಕವಿಲ್ಲ. ಕಣ್ಣೆದುರಿಗೆ ನಿಂತ ಕಾರು ದಿನಾ ಅಣಕಿಸುವುದನ್ನು ತಾಳಲಾರದೆ, ಒಂದು ಬೆಳಿಗ್ಗೆ ಅವಳೇ ಅದನ್ನು ಆಮೆಯಂತೆ ಓಡಿಸಿಕೊಂಡು ಗ್ಯಾರೇಜಿಗೆ ಹೋದಳು.

ಗ್ಯಾರೇಜಿನವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಬಾಯಿ ಒಮ್ಮೆ ಶುರುವಾದರೆ ಮುಚ್ಚುವ ಗುಂಡಿಯೇ ಇರಲಿಲ್ಲ.

"ಯಾಕಕ್ಕಾ ಮಾರೋದು? ಗಟ್ಟಿ ಗಾಡಿ!"

"ಗಾಡಿ ಗಟ್ಟಿ ಇದೆಯಪ್ಪ. ನನ್ನ ಕೈಯೇ ನಡುಗುತ್ತೆ. ಅರವತ್ತು ದಾಟಿದ್ರೆ ಹಿಡಿಯೋಕಾಗಲ್ಲ."

ರೇಡಿಯೊ ತಲೆ ಕೆರೆದುಕೊಂಡ. "ಕೈನಡುಕಕ್ಕೆ ಸ್ಪೀಡೋಮೀಟರ್ ಇರುತ್ತೇನಕ್ಕಾ? ಬ್ರೇಕ್ ಒತ್ತಿದಾಗ ಜಾಸ್ತಿ ಆಗುತ್ತಾ?"

"ಇಲ್ಲ. ಬರೀ ವೇಗಕ್ಕೆ."

"ಸೀಟು ಅದುರುತ್ತಾ, ಸ್ಟೀರಿಂಗಾ?"

"ಸ್ಟೀರಿಂಗೇ."

"ಹಾಗಾದ್ರೆ ಮುಂದಿನ ಚಕ್ರ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

ಹೆದ್ದಾರಿಗೆ ಹತ್ತಿ ಅವನು ವೇಗ ಏರಿಸಿದ. ಅರವತ್ತು ದಾಟಿತು. ಸ್ಟೀರಿಂಗ್ ಅವನ ಕೈಯಲ್ಲೂ ಜ್ವರ ಬಂದವರಂತೆ ನಡುಗಿತು. ಅವನ ಗಡಿಯಾರದ ಪಟ್ಟಿ ಅಲುಗುವುದನ್ನು ಟೈಲರಮ್ಮ ಕಣ್ಣು ಪಿಳುಕಿಸದೆ ನೋಡಿದಳು. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಒಮ್ಮೆಲೇ ಹೊರಬಿತ್ತು.

ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿ ಯಂತ್ರಕ್ಕೆ ಹಾಕಿ ತಿರುಗಿಸಿದಾಗ ಒಳಗಡೆಯ ಅಂಚು ಕುಂಟುತ್ತಿತ್ತು. "ರಿಮ್ ಬಗ್ಗಿದೆ. ಹೊರಗಿಂದ ಕಾಣಲ್ಲ," ಎಂದವನು ಮಾತಿನ ಓಘದಲ್ಲೇ ಮುಂದುವರಿಸಿದ: "ಇದನ್ನ ಆವತ್ತೇ ನಿಮ್ಮ ಯಜಮಾನ್ರಿಗೆ ಹೇಳಿದ್ದೆ. ಡಿವೈಡರಿಗೆ ಹತ್ತಿಸ್ಕೊಂಡು ಬಂದಿದ್ರಲ್ಲ? ರಿಮ್ ಬದಲಾಯಿಸಿ ಅಂದ್ರೆ, ಆಮೇಲೆ ನೋಡೋಣ ಅಂತ ಹೊರಟೇಹೋದ್ರು."

ಟೈಲರಮ್ಮ ಹೊಸ ರಿಮ್ ಹಾಕಲು ಹೇಳಿದಳು. ರಿಮ್ ಬದಲಾಯಿಸಿದ ಮೇಲೆ ಒಬ್ಬಳೇ ಹೆದ್ದಾರಿಗೆ ಹೋದಳು. ಎಪ್ಪತ್ತು, ಎಂಬತ್ತು. ಸ್ಟೀರಿಂಗ್ ಕಲ್ಲಿನಂತೆ ನಿಂತಿತ್ತು.

ಸಂಜೆ ಗಂಡನನ್ನು ಆಫೀಸಿನಿಂದ ಅವಳೇ ಹತ್ತಿಸಿಕೊಂಡಳು. ಅವನು ಗಾಬರಿಯಿಂದಲೇ ಹತ್ತಿ ಸೀಟ್ ಬೆಲ್ಟ್ ಹಾಕಿಕೊಂಡ. ಮೇಲ್ಸೇತುವೆಯ ನಡುವೆ ವಾಹನಗಳ ಸಾಲು ನಿಂತುಬಿಟ್ಟಿತು. ಎಡಕ್ಕೆ ಗೋಡೆ, ಬಲಕ್ಕೆ ಲಾರಿ.

"ರಿಮ್ ಬದಲಾಯಿಸಿದೆ ರೀ. ರೇಡಿಯೊ ಎಲ್ಲಾ ಹೇಳ್ದ."

ಗಂಡ ಸರಿಯಾಗೇ ಇದ್ದ ಸೀಟ್ ಬೆಲ್ಟನ್ನು ಸರಿಮಾಡಿಕೊಂಡ. "ನಿಂಗೆ ದಿನಾ ಬುದ್ಧಿ ಹೇಳೋನು ನಾನೇ ಹೀಗೆ ಮಾಡ್ಕೊಂಡ್ನಲ್ಲ ಅಂತ ನಾಚಿಕೆಯಾಯ್ತು. ನಾಳೆ ಹೇಳೋಣ ಅಂತ..."

"ಅಮ್ಮಂದು ಬಂತೇನೋ ಅಂದೆನಲ್ಲ, ಆಗ?"

ಹಿಂದಿನಿಂದ ಯಾರೋ ಸುಮ್ಮಸುಮ್ಮನೆ ಹಾರ್ನ್ ಒತ್ತಿದರು.

"ಆಗ ಹೇಳ್ಬೇಕಿತ್ತು. ಆದ್ರೆ ನೀನು ಸಾಯಂಕಾಲ ಮನೇಲಿರೋಕೆ ಶುರುಮಾಡ್ದೆ. ನಾನು ಬಂದ್ರೆ ನೀನೇ ಬಾಗಿಲು ತೆಗೀತಿದ್ದೆ." ಅವನು ದನಿ ತಗ್ಗಿಸಿದ. "ಅದು ಚೆನ್ನಾಗಿತ್ತು ಕಣೇ."

ಡಿವೈಡರನ್ನು ಅವಳು ಕ್ಷಮಿಸುತ್ತಿದ್ದಳು. ನಾಚಿಕೆಗೆ ಹೇಳಿದ ಸುಳ್ಳನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಈ ಚೆನ್ನಾಗಿತ್ತು ಎಂಬ ಮಾತನ್ನು ಮಾತ್ರ ನುಂಗಲಾಗಲಿಲ್ಲ. ಇಳಿದುಹೋಗಬೇಕೆನಿಸಿ ಬಾಗಿಲ ಹಿಡಿಗೆ ಕೈಹಾಕಿದಳು. ಲಾರಿ ಎಷ್ಟು ಒತ್ತಿಕೊಂಡಿತ್ತೆಂದರೆ ಬಾಗಿಲು ತೆರೆಯಲು ಜಾಗವಿರಲಿಲ್ಲ.

"ಮುಂದೆ ಜಾಗ ಆಯ್ತು ನೋಡು," ಎಂದ ಗಂಡ ಮೆಲ್ಲಗೆ.

ಅವಳು ಗೇರ್ ಹಾಕಿ ಕಾರನ್ನು ಸೇತುವೆಯಿಂದ ಇಳಿಸಿದಳು. ಕೆಳಗೆ ಬಸ್‌ಸ್ಟಾಪಿನಲ್ಲಿ ಅವನನ್ನು ಇಳಿಸಿ ಅವಳು ಅಂಗಡಿಗೆ ಹೋದಳು. ಶಟರ್ ಎತ್ತಿ, ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ, ಕೆಲಸಕ್ಕೆ ಕೂತಳು. ಹೊಲಿಗೆ ನೇರವಾಗಿ ಬಂತು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

"ಊಟಕ್ಕೆ ಕಾಯ್ಲಾ?"

"ಬೇಡ."

"ಮನೆಗೆ ಬರ್ತೀಯ ತಾನೇ?"

ಅವಳು ಅಂಗಡಿಯ ನಾಲ್ಕು ಮೂಲೆಗೂ ಕಣ್ಣಾಡಿಸಿದಳು. ಚಾಪೆ ಹಾಸುವಷ್ಟೂ ಜಾಗವಿರಲಿಲ್ಲ.

"ಇನ್ನೆಲ್ಲಿಗೆ ಹೋಗ್ಲಿ?" ಎಂದು ಫೋನಿಟ್ಟಳು.