ಒಂದ್ಮಾತು ಕೇಳ್ಕೊಂಡು ಬತ್ತೀನಿ

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ಹೊಸೂರಿನ ಬಸ್ ನಿಲ್ದಾಣದಲ್ಲಿ ಜನ ಒದ್ದೆ ಕರವಸ್ತ್ರವನ್ನು ನೆತ್ತಿಯ ಮೇಲೆ ಹಾಕಿಕೊಂಡು ನೆರಳಿಗಾಗಿ ಪರದಾಡುತ್ತಿರುವಾಗ, ಮೊಣಕಾಲಿನವರೆಗೆ ಇಳಿಬಿದ್ದ ನೀಲಿ ಉಣ್ಣೆಯ ಕೋಟಿನ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ನಡೆದು ಬರುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಅವನ ಹೆಸರು ಮುನಿಕೃಷ್ಣ. ಆಲಸನತ್ತದ ನಮ್ಮ ಮನೆಯ ಮಹಡಿಯಲ್ಲಿ ಹೆಂಡತಿ ಸುಷ್ಮಾಳೊಂದಿಗೆ ಬಾಡಿಗೆಗಿದ್ದ.

ಕೋಟಿಗೆ ಕಾರಣವಿತ್ತೆನ್ನಿ. ಬೇರಿಕೆಯ ದಾರಿಯಲ್ಲಿರುವ ಗುಲಾಬಿ ತೋಟವೊಂದರ ಕೋಲ್ಡ್ ರೂಮಿನಲ್ಲಿ ಅವನಿಗೆ ಕೆಲಸ. ವಿಮಾನ ಹತ್ತಬೇಕಾದ ಮೊಗ್ಗುಗಳು ದಾರಿಯಲ್ಲಿ ಬಿರಿಯದಂತೆ ಚಳಿಯಲ್ಲಿಟ್ಟು ಕಾಯುವ ಆ ಕೋಣೆಯಲ್ಲಿ ದಿನವಿಡೀ ಇದ್ದು ಇದ್ದು, ಹೊರಗಿನ ಋತುಮಾನಕ್ಕೂ ಅವನ ದೇಹಕ್ಕೂ ಸಂಬಂಧವೇ ತಪ್ಪಿಹೋಗಿತ್ತು. ಅಲ್ಲಿನ ಒದ್ದೆ ನೆಲದ ಮೇಲೆ ಜಾರದಂತೆ ನಡೆಯುವ ಅಭ್ಯಾಸ ರಸ್ತೆಗೂ ಬಂದಿತ್ತು. ಹೆಜ್ಜೆಯನ್ನು ಎತ್ತದೆ, ನೆಲ ಒರೆಸಿಕೊಂಡು ಹೋಗುವವನ ಹಾಗೆ ನಡೆಯುತ್ತಿದ್ದ. ಯಾವ ವಸ್ತುವನ್ನಾದರೂ ಎರಡೂ ಅಂಗೈಗಳನ್ನು ಅಡಿಗೆ ಕೊಟ್ಟೇ ಎತ್ತಬೇಕು ಅವನು. ಗ್ಯಾಸ್ ಸಿಲಿಂಡರನ್ನು ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ನನ್ನ ಹೆಂಡತಿ ಶ್ರೀವಿದ್ಯಾ, "ನೋಡಿ, ಕೂಸು ಮಲಗಿಸೋಕೆ ಕರ್ಕೊಂಡು ಹೋಗ್ತಿದಾನೆ" ಎಂದು ನಗುತ್ತಿದ್ದಳು.

ಅವನ ಮಾತೋ, ಬಹು ಮಿತ. ಇದ್ದ ಒಂದೇ ಒಂದು ವಾಕ್ಯವನ್ನು ಮಾತ್ರ ಧಾರಾಳವಾಗಿ ಬಳಸುತ್ತಿದ್ದ: "ಒಂದ್ಮಾತು ಅವಳ್ನ ಕೇಳ್ಕೊಂಡು ಬತ್ತೀನಿ ಸಾರ್." ನಮ್ಮ ಮಹಡಿ ನೋಡಲು ಮೊದಲ ಸಲ ಬಂದಾಗಲೇ ಇದನ್ನು ಹೇಳಿದ. ಆಗಿನ್ನೂ ಮದುವೆಯೇ ಆಗಿರಲಿಲ್ಲ, ನಿಶ್ಚಯವಾಗಿತ್ತಷ್ಟೆ. ಅವಳು ಎಲ್ಲಿದ್ದಾಳೆ ಎಂದರೆ ಸಾನಮಾವಿನ ಕಾಡಂಚಿನ ಹಳ್ಳಿಯಲ್ಲಿ! ಅಡುಗೆಮನೆಯ ಕಿಟಕಿ ಪಡುವಣಕ್ಕಿದೆ, ಸಾಯಂಕಾಲದ ಬಿಸಿಲು ಒಲೆಯ ಮೇಲೇ ಬೀಳುತ್ತದೆ, ಅದು ಆಗುತ್ತದೋ ಇಲ್ಲವೋ ಎಂದು ಕೇಳಲು ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬಂದ ಮಹರಾಯ. ತೋಟದ ಗೆಳೆಯರು "ಏನ್ಲಾ ಮುನಿಕೃಷ್ಣ, ಕ್ರಾಪು ಕೂಡ ಅವಳ್ನ ಕೇಳೇ ಹೊಡಿಸ್ಕೋತೀಯಾ?" ಎಂದು ರೇಗಿಸಿದರೆ, ಅವನು ಗಂಭೀರವಾಗಿ "ಊಂ ಕಣ್ಲಾ" ಎನ್ನುತ್ತಿದ್ದನಂತೆ. ಅಂಥವನನ್ನು ರೇಗಿಸಿ ಏನು ಸುಖ?

ಮದುವೆಯಲ್ಲಿ ಅವನು ಮಾಡಿಕೊಂಡ ಎಡವಟ್ಟನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣ. ಪೇಟೆಯ ಹಾರ ಬೇಡವೆಂದು ತನ್ನ ಕೋಲ್ಡ್ ರೂಮಿನಿಂದಲೇ ಅತ್ಯುತ್ತಮವಾದ ಕೆಂಪು ಮೊಗ್ಗುಗಳನ್ನು ಆರಿಸಿ, ಜೋಡಿ ಹಾರ ಕಟ್ಟಿಸಿ, ಮತ್ತೆ ಚಳಿಯಲ್ಲಿಟ್ಟು, ಮುಹೂರ್ತದ ಹೊತ್ತಿಗೆ ಸರಿಯಾಗಿ ತಂದ. ಮಾಲೆ ಕೊರಳಿಗೆ ಬಿದ್ದೊಡನೆ ಮದುಮಗಳು ಕಿಟಾರನೆ ಕಿರುಚಿಕೊಂಡಳು. ಮಂಜುಗಡ್ಡೆಯನ್ನೇ ಕತ್ತಿಗೆ ಹಾಕಿದಂತಾಗಿತ್ತು ಪಾಪ! ಬಿರಿಯದ ಆ ಮೊಗ್ಗುಗಳು ಆರತಕ್ಷತೆ ಮುಗಿಯುವವರೆಗೂ ಅಡಕೆಯ ಹಾಗೆ ಗಟ್ಟಿಯಾಗಿದ್ದು, ಬಂದವರೆಲ್ಲ ಇದೆಂಥ ಹಾರವೆಂದು ಮೂಗು ಮುರಿದು ಹೋದರು. ಮರುದಿನ, ನೋಡುವವರು ಯಾರೂ ಇಲ್ಲದ ಹೊತ್ತಿನಲ್ಲಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಹಾರಗಳೆರಡೂ ಅರಳಿಕೊಂಡವು. "ನಮ್ಮಿಬ್ರಿಗೋಸ್ಕರ ಅರಳ್ತಲ್ಲ ಅಣ್ಣಾ, ಸಾಕು ಬಿಡಿ" ಎಂದಳು ಸುಷ್ಮಾ, ನನಗೆ ಈ ಕತೆ ಹೇಳಿ ಮುಗಿಸುವಾಗ. ಆ ಹುಡುಗಿಯ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಅವತ್ತೇ.

ಅವಳು ಅವನಿಗೆ ತದ್ವಿರುದ್ಧ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಬಲ್ಲ ನಾಲಿಗೆ. ರಾಗಿ ಹೊಲಕ್ಕೆ ಆನೆ ನುಗ್ಗಿದರೆ ಅಪ್ಪನಿಗಿಂತ ಮುಂದೆ ನಿಂತು ತಗಡು ಬಡಿದ ಕೈ. ಅದೇ ಕೈ ಬಾಳೆ ನಾರಿನಲ್ಲಿ ಕನಕಾಂಬರ ಕಟ್ಟಲು ಕುಳಿತರೆ ಬೆರಳು ಎಲ್ಲಿ ಹೋಗಿ ಎಲ್ಲಿ ಬಂತೆಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಗಂಡನನ್ನು "ರೀ" ಎಂದು ಕರೆಯುತ್ತಿದ್ದವಳು, ಸಿಟ್ಟು ಬಂದಾಗ ಮಾತ್ರ ತನ್ನ ಊರಿನ "ಏನಯ್ಯಾ"ಗೆ ಇಳಿಯುತ್ತಿದ್ದಳು. ಮಹಡಿಯಿಂದ ಆ "ಅಯ್ಯಾ" ಕೇಳಿಸಿದರೆ ನಾವು ರೇಡಿಯೋ ಸಣ್ಣಗೆ ಮಾಡಿ ಕಿವಿಗೊಡುತ್ತಿದ್ದೆವು, ಸುಳ್ಳೇಕೆ.

ಮದುವೆಯಾದ ಮರುವರ್ಷ ಏಳು ತಿಂಗಳು ತುಂಬುವ ಮೊದಲೇ ಅವಳ ಹೊಟ್ಟೆಯಲ್ಲಿದ್ದ ಮಗು ಹೋಯಿತು; ಇಲ್ಲೇ ಊರಾಚೆ ಮಣ್ಣು ಮಾಡಿದರು. ಆ ಮೂರು ಭಾಷೆಗಳೂ ಒಟ್ಟಿಗೆ ಮೂಕವಾದವು. ಮುನಿಕೃಷ್ಣ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಷ್ಟು ದೂರದಿಂದ ಸೈಕಲ್ ತುಳಿದು ಬಂದು, ಕೋಟು ಸಹಿತ ಅವಳ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತು, ವಾಪಸು ಹೋಗುತ್ತಿದ್ದ.

ಅದೇ ದಿನಗಳಲ್ಲಿ ದುಬೈಯಿಂದ ಕರೆ ಬಂತು. ಗುಡಿಗಳಿಗೂ ಮದುವೆಗಳಿಗೂ ಹೂವು ಒದಗಿಸುವ ಅಲ್ಲಿನ ಒಂದು ಅಂಗಡಿಗೆ ಕೋಲ್ಡ್ ರೂಮ್ ನೋಡಿಕೊಳ್ಳುವ ಆಳು ಬೇಕಿತ್ತು. ತೋಟದ ಸೂಪರ್‌ವೈಸರ್ ರಾಮಾಂಜಿನಪ್ಪನವರು ಇವನ ಹೆಸರು ಹೇಳಿದ್ದರು. ಹೋಗಬೇಕಾದವನು ಒಬ್ಬನೇ. ಮುನಿಕೃಷ್ಣ ನಿಂತ ನಿಲುವಿನಲ್ಲೇ "ಬೇಡ ಸಾರ್" ಎಂದುಬಿಟ್ಟ. ಮನೆಗೆ ಬಂದು ಸೊಲ್ಲೆತ್ತಲಿಲ್ಲ.

ಸುಷ್ಮಾಳಿಗೆ ವಿಷಯ ತಿಳಿದದ್ದು ಸಂತೆಯಲ್ಲಿ, ಸೊಪ್ಪು ಆರಿಸುತ್ತಿದ್ದಾಗ, ರಾಮಾಂಜಿನಪ್ಪನವರ ಬಾಯಿಂದಲೇ: "ನಿನ್ ಗಂಡ ಬಂದ ಭಾಗ್ಯಾನ ಒದ್ದು ಕಳಿಸ್ಬುಟ್ಟ ಕಣಮ್ಮ." ಸೊಪ್ಪನ್ನು ಅಲ್ಲೇ ಬಿಟ್ಟು ಬಂದಳು. ಆ ಸಾಯಂಕಾಲ ರೇಡಿಯೋ ಸಣ್ಣಗೆ ಮಾಡುವ ಅಗತ್ಯವೇ ಬೀಳಲಿಲ್ಲ; ಬೀದಿಗೆಲ್ಲ ಕೇಳಿಸಿತು.

"ಉಪ್ಪು ತರಾಕೆ ಕೇಳ್ತೀಯ, ಸೋಪು ತರಾಕೆ ಕೇಳ್ತೀಯ, ಇದೊಂದನ್ನ ಯಾಕಯ್ಯಾ ಕೇಳ್ಲಿಲ್ಲ? ಮಗು ಹೋದ್ಮೇಲೆ ನಾನೂ ಹೋಗ್ಬುಟ್ಟೆ ಅಂದ್ಕೊಂಡ್ಯಾ?"

ಆಮೇಲೆ ಎಷ್ಟೋ ದಿನ ಮಹಡಿಯಲ್ಲಿ ಪಾತ್ರೆಗಳ ಸದ್ದಷ್ಟೇ. ಮುನಿಕೃಷ್ಣ ಒಂದು ಮುಂಜಾನೆ ನನ್ನ ಬಾಗಿಲಲ್ಲಿ ನಿಂತು, ಕೋಟಿನ ಗುಂಡಿ ತಿರುವುತ್ತಾ, "ಕೇಳಿದ್ರೆ ಹೋಗು ಅಂತಾಳೆ ಸಾರ್. ನಂಗೊತ್ತು. ಅದ್ಕೇ ಕೇಳ್ಲಿಲ್ಲ" ಎಂದ. ಅವಳನ್ನು ಬಿಟ್ಟು ಹೋಗುವುದು ಅವನಿಂದಾಗದು. ಅವಳು ಹೋಗೆಂದರೆ ಹೋಗದೆ ಇರುವುದೂ ಅವನಿಂದಾಗದು. ಹುಚ್ಚಪ್ಪ, ಮೌನವೊಂದೇ ದಾರಿಯೆಂದು ಭಾವಿಸಿದ್ದ. ಅವನ ಕಣ್ಣುಗಳು ಒದ್ದೆಯಾಗಿದ್ದವು, ನನ್ನವೂ.

ನಾನಿದನ್ನು ಶ್ರೀವಿದ್ಯಾಳಿಗೆ ಹೇಳಿದೆ, ಅವಳು ಸುಷ್ಮಾಳಿಗೆ ಹೇಳಿದಳು. ಕೇಳಿದ ಸುಷ್ಮಾ ಸೆರಗಿನಿಂದ ಮುಖ ಒರೆಸಿಕೊಂಡು, ನೇರವಾಗಿ ತೋಟಕ್ಕೆ ಹೋಗಿ, ರಾಮಾಂಜಿನಪ್ಪನವರ ಮುಂದೆ ಕುಳಿತು, ದುಬೈಯ ಅಂಗಡಿಗೇ ಫೋನ್ ಮಾಡಿಸಿದಳಂತೆ. ಅಂಗಡಿಯವರು ತಿರುನೆಲ್ವೇಲಿ ಕಡೆಯವರು. ಅವರ ಜೊತೆ ತಮಿಳಿನಲ್ಲಿ ಮಾತಿಗಿಳಿದು, ನಿಮ್ಮಲ್ಲಿ ಹೂವು ಕಟ್ಟುವವರು ಯಾರು, ಮದುವೆಯ ಕಾಲದಲ್ಲಿ ಸಾಲುತ್ತಾರಾ, ನಿಮ್ಮ ಹಾರ ಯಾಕೆ ಅಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ಎಂದು ಕಂಡವಳ ಹಾಗೆ ವಿಚಾರಿಸಿ, ಕೊನೆಗೆ ಹೂವು ಕಟ್ಟಲು ನಾನಿದ್ದೇನೆ, ಇಬ್ಬರನ್ನೂ ಕರೆಸಿಕೊಂಡರೆ ಮಾತ್ರ ಬರುತ್ತೇವೆ ಎಂದಳು. ಅಂಗಡಿಯ ಯಜಮಾನರು ನಕ್ಕುಬಿಟ್ಟರಂತೆ. ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಕಡೆಗೂ ಇಬ್ಬರಿಗೂ ವೀಸಾ ಬಂತು. ಅವತ್ತು ಅವಳು ಮೆಟ್ಟಿಲಿಳಿದು ಬಂದು ಕೇಳಿದ್ದು ಒಂದೇ: "ಅಣ್ಣಾ, ಸಮುದ್ರ ನಮ್ ಕೆಲವರಪಲ್ಲಿ ಡ್ಯಾಮ್‌ಗಿಂತ ದೊಡ್ಡದಿರ್ತದಾ?"

ಹೊರಟದ್ದು ಎರಡು ಸಾವಿರದ ಏಳರ ಜೂನ್ ತಿಂಗಳ ಒಂದು ಮಧ್ಯಾಹ್ನ. ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಎರಡು ಸೂಟ್‌ಕೇಸು, ಹುರಿಹಿಟ್ಟಿನ ಡಬ್ಬ, ಉಪ್ಪಿನಕಾಯಿಯ ಭರಣಿ ಎಲ್ಲವನ್ನೂ ಮುನಿಕೃಷ್ಣನೇ ಜೋಡಿಸಿ, ಟ್ಯಾಕ್ಸಿಯ ನೆತ್ತಿಗೆ ಹಗ್ಗ ಬಿಗಿದ. ಹಳ್ಳಿಯಿಂದ ಬಂದವರೆಲ್ಲ ಕುಂಕುಮ ಇಟ್ಟು, ಅತ್ತು, ಬುದ್ಧಿ ಹೇಳಿ ಮುಗಿಸಿದರು. ಸುಷ್ಮಾ ಎಲ್ಲರನ್ನೂ ನಗಿಸುತ್ತಾ ಗೇಟಿನವರೆಗೆ ಬಂದವಳು, ಗೇಟಿನ ಆಚೆ ಕಾಲಿಡಲಾಗದೆ ಅಲ್ಲೇ ಗೇಟಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ನಾ ಬರಾಕಿಲ್ಲ. ನನ್ ಮಗೂನ ಮಣ್ಣು ಮಾಡಿರೋದು ಇಲ್ಲೇ. ಬಿಟ್ಟು ನಾ ಬರಾಕಿಲ್ಲ" ಎಂದು ಬಿಕ್ಕಿದಳು.

ಒಬ್ಬರು ವಿಮಾನ ತಪ್ಪುತ್ತದೆಂದರು, ಇನ್ನೊಬ್ಬರು ರಾಹುಕಾಲ ಬಂದುಬಿಡುತ್ತದೆಂದರು, ರಾಮಾಂಜಿನಪ್ಪನವರು ಹಣೆ ಚಚ್ಚಿಕೊಂಡರು. ಇಷ್ಟೆಲ್ಲ ಆಗಿ ಈ ಹುಡುಗಿ ಹೀಗೆ ಮಾಡಬಹುದೇ ಎಂದು ನನಗೂ ರೇಗಿತು. ಮುನಿಕೃಷ್ಣ ಮಾತ್ರ ಅವಳನ್ನು ಒಮ್ಮೆ ನೋಡಿದ. ಸಮಾಧಾನ ಹೇಳಲಿಲ್ಲ, ಕೈಹಿಡಿದು ಎಬ್ಬಿಸಲಿಲ್ಲ. ಟ್ಯಾಕ್ಸಿಯ ಹತ್ತಿರ ಹೋಗಿ, ತಾನೇ ಬಿಗಿದಿದ್ದ ಹಗ್ಗವನ್ನು ಬಿಚ್ಚಿ, ಸೂಟ್‌ಕೇಸೊಂದನ್ನು ಇಳಿಸಿ ನೆಲಕ್ಕಿಟ್ಟ. ಮುಖದಲ್ಲಿ ಸಿಟ್ಟಿಲ್ಲ, ದುಃಖವಿಲ್ಲ, ತ್ಯಾಗ ಮಾಡುವವರ ಬಿಂಕವಂತೂ ಮೊದಲೇ ಇಲ್ಲ. ಎರಡನೆಯದಕ್ಕೆ ಕೈ ಹಾಕಿದ.

ಸುಷ್ಮಾಳ ಬಿಕ್ಕು ನಿಂತಿತು. ಇವನು ನಿಜವಾಗಿಯೂ ಇಳಿಸುತ್ತಿದ್ದಾನೆಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನೆಲಕ್ಕಿಟ್ಟ ಸೂಟ್‌ಕೇಸನ್ನೂ ಅವನನ್ನೂ ಬದಲಿಸಿ ಬದಲಿಸಿ ನೋಡಿದಳು. ಮೂಗು ಒರೆಸಿಕೊಂಡು ಎದ್ದಳು.

"ಯಾಕಯ್ಯಾ ಇಳಿಸ್ತಿದೀಯ? ಎತ್ತು ಮೇಲಕ್ಕೆ" ಎಂದವಳೇ ಗೇಟು ದಾಟಿ ಟ್ಯಾಕ್ಸಿಯೊಳಗೆ ಹೋಗಿ ಕುಳಿತಳು.

ಪ್ರೀತಿಸುವವರಿಗೆ ಧೈರ್ಯ ಹೇಳುವವರನ್ನು, ಕೈಹಿಡಿದು ಎಳೆದೊಯ್ದು ಹೊಸ ನಾಡು ತೋರಿಸುವವರನ್ನು ಲೋಕ ಬಲ್ಲದು, ಹೊಗಳುತ್ತದೆ. ಮುನಿಕೃಷ್ಣನಂಥ ಮನುಷ್ಯರು ಹೊಗಳಿಕೆಗೆ ಸಿಕ್ಕುವವರಲ್ಲ. ಅವರನ್ನು ನಾವು ಪುಕ್ಕಲರೆನ್ನುತ್ತೇವೆ, ಹೆಂಡತಿಯ ಗುಲಾಮರೆನ್ನುತ್ತೇವೆ, ಬೆನ್ನ ಹಿಂದೆ ನಗುತ್ತೇವೆ. ಆದರೆ ಇಡೀ ಊರು ಹೊರಡು ಹೊರಡು ಎಂದು ಕೂಗುತ್ತಿರುವಾಗ, ಒಂದು ಜೀವ ಒಲ್ಲೆನೆಂದದ್ದಕ್ಕೆ ಹೊರಟು ನಿಂತ ಬದುಕನ್ನೇ ಕೆಳಗಿಳಿಸಿ ಕಾಯಬಲ್ಲವನು ಪಕ್ಕದಲ್ಲಿದ್ದರೆ, ಎಂಥವರಿಗೂ ಎದ್ದು ಹೊರಡುವ ಶಕ್ತಿ ತಾನಾಗಿ ಬರುತ್ತದೆ. ಅಂಥವರ ಜೊತೆಯಲ್ಲಿ ಹೋದವರು ಯಾವ ಕಡಲ ದಡಕ್ಕೆ ಹೋದರೂ, ತಮ್ಮ ಇಚ್ಛೆಯಿಂದಲೇ ಹೋಗಿರುತ್ತಾರೆ.