ಮರಿಗಳ ಮೊದಲ ತುತ್ತು

ಲ್ಯಾಪ್‌ಟಾಪನ್ನು ಶಾಲಿನೊಳಗೆ ಅವುಚಿಕೊಂಡು ಗುಬ್ಬಿ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದಳು. ನಡುಮನೆಯಲ್ಲಿ ಹೆಣವಿತ್ತು, ಸುತ್ತ ನೆಂಟರಿದ್ದರು. ಮುಂಬಾಗಿಲಿನಿಂದ ಇದನ್ನು ಹಿಡಿದು ಬರುವಷ್ಟು ಧೈರ್ಯ ಅವಳಿಗಿರಲಿಲ್ಲ.

"ಅಕ್ಕ, ಪ್ಲಗ್ ಎಲ್ಲಿದೆ? ಬೇಗ. ಇದು ಸಾಯ್ತಾ ಇದೆ," ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಲೋಟ ತೊಳೆಯುತ್ತಿದ್ದ, ತೀರಿಕೊಂಡವಳ ಮಗಳು ಒದ್ದೆ ಕೈಯಲ್ಲೇ ಗೋಡೆಯತ್ತ ತೋರಿಸಿದಳು.

ಅವಳ ಅಮ್ಮ ಕೋಳಿ ಮತ್ತು ದನಗಳ ಆಹಾರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಜೋಳ, ಹಿಂಡಿ, ಮೀನಿನ ಪುಡಿ, ಯಾವುದೇ ಸರಕು ಬರಲಿ, ಅದರೊಳಗೆ ಯಾವ ಪೋಷಕಾಂಶ ಎಷ್ಟಿದೆ ಎಂಬುದನ್ನು ಸಾಫ್ಟ್‌ವೇರಿಗೆ ತುಂಬುವುದು ಅವಳ ಕೆಲಸ. ಆಮೇಲೆ ಒಂದು ಬಟನ್ ಒತ್ತಿದರೆ, ಯಾವುದನ್ನು ಎಷ್ಟು ಬೆರೆಸಬೇಕೆಂದು ಅದು ಹೇಳುತ್ತಿತ್ತು. ಗುಬ್ಬಿ ಅವಳ ಕೈಕೆಳಗೆ ಕಲಿಯುತ್ತಿದ್ದವಳು. ಚಿಟಿಕೆಯಷ್ಟು ಮೈ, ಬೀದಿಗೆ ಕೇಳಿಸುವ ದನಿ. ಗುಬ್ಬಿ ಎಂದು ಹೆಸರಿಟ್ಟವಳೂ ಅಮ್ಮನೇ. ಗುಬ್ಬಿಗೆ ಅವಳು ದೊಡ್ಡಕ್ಕ.

"ಹಳೇ ಸೋಯಾ ಹಿಂಡಿ ಮುಗೀತು. ನಿನ್ನೆ ಹೊಸದು ಬಂತು," ಗುಬ್ಬಿ ಒಂದೇ ಉಸಿರಿಗೆ ಹೇಳಿದಳು. "ಅದರ ವಿವರ ಎಲ್ಲ ತುಂಬಿ ಬಟನ್ ಒತ್ತಿದ್ರೆ ಆಗಲ್ಲ ಅಂತಿದೆ. ಹೇಗೆ ಬೆರೆಸಿದ್ರೂ ಮರಿಗಳ ಆಹಾರದ ಲೆಕ್ಕ ಕೂಡಲ್ವಂತೆ! ಸಂಜೆ ಕೋಳಿಮರಿ ಬರ್ತಿವೆ ಅಕ್ಕ. ಆರ್ಡರ್ ಕೊಟ್ಟ ಆಯಮ್ಮನದು ಹೊಸ ಶೆಡ್ಡು, ಅವೇ ಮೊದಲ ಮರಿಗಳು. ಅಲ್ಲಿ ಒಂದು ಹಿಡಿ ನುಚ್ಚೂ ಇಲ್ಲ."

"ಧಣಿಗಳಿಗೆ ಫೋನ್ ಮಾಡು."

"ಮಾಡ್ದೆ. ದೊಡ್ಡಕ್ಕನ್ನ ಕೇಳು ಅಂದ್ರು. ಆಮೇಲೆ ನೆನಪಾಗಿ ಅತ್ತುಬಿಟ್ರು."

"ನಾನು ಹಲ್ಲಿನ ಡಾಕ್ಟರ್ ಹತ್ರ ಕೆಲಸ ಮಾಡೋಳು. ನಂಗೇನ್ ಗೊತ್ತಾಗುತ್ತೆ ಮಾರಾಯ್ತಿ?"

"ಗೊತ್ತಾಗೋದು ಬೇಡ. ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು. ದೊಡ್ಡಕ್ಕ ಕೂತ್ಕೋತಿದ್ರು."

ಮಗಳು ಕೈ ಒರೆಸಿಕೊಂಡು ಕೂತಳು. ಅಷ್ಟರಲ್ಲಿ ಅತ್ತೆ, ಅಪ್ಪನ ಅಕ್ಕ, ಬಾಗಿಲಲ್ಲಿ ಕಾಣಿಸಿಕೊಂಡಳು.

"ಥೂ, ಏನ್ರೇ ಇದು? ಮನೇಲಿ ಹೆಣ ಇಟ್ಕೊಂಡು ಸಿನಿಮಾ ನೋಡ್ತಿದೀರಾ?"

"ಸಿನಿಮಾ ಅಲ್ಲ ದೊಡ್ಡಮ್ಮ, ಲೈಸಿನ್," ಎಂದಳು ಗುಬ್ಬಿ.

ಅತ್ತೆಯ ಮುಖ ಅರಳಿತು. "ಲೈಸಿನ್ನಾ? ಬಂದಿದಾಳಾ? ಎಲ್ಲಿ?"

* * *

ಮನೆಯಲ್ಲಿ ಅಮ್ಮ ಮಾತಿನವಳಲ್ಲ. ಊಟದ ಮೇಜಿನ ಮುಂದೆ ಕೂತು, ತಟ್ಟೆಯ ಅಂಚನ್ನು ಬೆರಳಲ್ಲಿ ತಟ್ಟುತ್ತ ಎಲ್ಲೋ ಇರುತ್ತಿದ್ದಳು. "ಏನಮ್ಮ ಯೋಚ್ನೆ?" ಎಂದು ಮಗಳು ಕೇಳಿದರೆ, "ಲೈಸಿನ್ ಕಮ್ಮಿ ಆಗಿದೆ" ಅನ್ನುತ್ತಿದ್ದಳು. ಕೋಳಿಯ ಮೈ ಬೆಳೆಯುವುದಕ್ಕೆ ಬೇಕಾದ ಒಂದು ಅಂಶವದು ಎಂದು ಅವಳು ಬಿಡಿಸಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆಫೀಸಿನಲ್ಲಿ ಆ ಹೆಸರಿನ ಹುಡುಗಿಯೊಬ್ಬಳಿದ್ದಾಳೆ, ಊಟ ಸೇರದೆ ಸೊರಗುತ್ತಿದ್ದಾಳೆ ಎಂದೇ ಮನೆಯವರು ತಿಳಿದಿದ್ದರು. ಅಪ್ಪ ಒಮ್ಮೆ, "ಪಾಪ, ಆ ಹುಡುಗಿಗೆ ಮದುವೆ ಗೊತ್ತಾಯ್ತಾ?" ಎಂದೂ ವಿಚಾರಿಸಿದ್ದ. ಅಮ್ಮ ಅವನ ಮುಖವನ್ನೇ ನೋಡಿ, ನಗು ನುಂಗಿಕೊಂಡು, "ನೋಡ್ತಾ ಇದಾರೆ" ಅಂದಿದ್ದಳು.

* * *

ಅತ್ತೆಯನ್ನು ಹೇಗೋ ಸಾಗಹಾಕಿ ಗುಬ್ಬಿ ಮತ್ತೆ ಬಟನ್ ಒತ್ತಿದಳು. ಪರದೆಯ ಮೇಲೆ ಕೆಂಪು ಸಾಲು ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು.

"ಕೂಡಿದ್ರೆ ಏನಾಗುತ್ತೆ?" ಮಗಳು ಕೇಳಿದಳು.

"ಹಸಿರು ಬರುತ್ತೆ. ದೊಡ್ಡಕ್ಕ 'ಬಂತೂ!' ಅಂತ ಕೂಗಿ ಕುರ್ಚೀನ ಗಿರ್ರಂತ ತಿರುಗಿಸೋರು. ಒಂದ್ಸಲ ತಿರುಗಿ ತಿರುಗಿ ಧಣಿಗಳ ಚಹಾಗೆ ಒದ್ದಿದ್ರು."

"ನಮ್ಮಮ್ಮನಾ?"

"ಇನ್ಯಾರು?"

ಮಗಳು ಬಾಗಿಲ ಸಂದಿಯಿಂದ ನಡುಮನೆಯತ್ತ ನೋಡಿದಳು. ಬಿಳಿ ಹೊದಿಕೆಯ ಕೆಳಗೆ ಅಮ್ಮನ ಪಾದಗಳು ಕಾಣುತ್ತಿದ್ದವು. ಎದೆ ಯಾಕೋ ಡಬಡಬ ಹೊಡೆದುಕೊಂಡಿತು. ಇದು ದುಃಖವಲ್ಲ ಎಂದು ಗೊತ್ತಾಗಿ ಅವಳಿಗೇ ನಾಚಿಕೆಯಾಯಿತು. ಜಾತ್ರೆಗೋ ಪ್ರವಾಸಕ್ಕೋ ಹೊರಟಾಗ ಹೊಡೆದುಕೊಳ್ಳುವಂತೆ ಹೊಡೆದುಕೊಳ್ಳುತ್ತಿತ್ತು ಅದು.

"ಹಳೇ ಹಿಂಡೀದು ತೋರಿಸು. ಹೊಸದೂ ತೋರಿಸು, ಅಕ್ಕಪಕ್ಕ."

ಎರಡೂ ಪಟ್ಟಿಗಳು ತೆರೆದವು. ಹಳೆಯದರಲ್ಲಿ ಚೌಕಗಳೆಲ್ಲ ತುಂಬಿದ್ದವು. ಹೊಸದರಲ್ಲಿ ಮೇಲಿನ ಕೆಲವು ಮಾತ್ರ.

"ಇವು ಯಾಕೆ ಖಾಲಿ?"

"ಲ್ಯಾಬಿನೋರು ಪ್ರೋಟೀನು, ನಾರು, ತೇವ ಇಷ್ಟೇ ಕೊಟ್ಟಿದಾರೆ. ಲೈಸಿನ್ ನೋಡೇ ಇಲ್ಲ."

"ನೋಡಿಲ್ಲ ಅಂದ್ರೆ? ಈ ಹಿಂಡೀಲಿ ಅದು ಇಲ್ಲ ಅಂತಾನಾ?"

"ಇರುತ್ತೆ ಅಕ್ಕ. ಇರದೆ ಏನು? ಎಷ್ಟಿದೆ ಗೊತ್ತಿಲ್ಲ ಅಷ್ಟೇ, ಅದಕ್ಕೆ ಖಾಲಿ..." ಗುಬ್ಬಿ ಮಾತು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ಅಗಲವಾದವು. "ಅಯ್ಯೋ ನನ್ನ ಬುದ್ಧಿಗಿಷ್ಟು! ಖಾಲಿ ಬಿಟ್ರೆ ಇದು ಸೊನ್ನೆ ಅನ್ಕೊಳ್ಳುತ್ತೆ!"

* * *

ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುಬ್ಬಿ ಒಂದು ಖಾಲಿ ಚೌಕಕ್ಕೆ ಅಂದಾಜಿನ ಅಂಕಿಯೊಂದನ್ನು ಬಡಿದಿದ್ದಳು. ದೊಡ್ಡಕ್ಕ ಕನ್ನಡಕದ ಮೇಲಿಂದ ನೋಡಿದ್ದಳು.

"ನೀನು ಅಳೆದ್ಯಾ?"

"ಇಲ್ಲ."

"ಅಳೆದೋರು ಹೇಳಿದ್ರಾ?"

"ಇಲ್ಲ."

"ಮತ್ತೆ ಎಲ್ಲಿಂದ ಬಂತು, ನಿನ್ನ ಕೊಕ್ಕಿಂದಾನಾ? ಗೊತ್ತಿಲ್ಲದ್ದನ್ನ ಬರೀಬೇಡ ಗುಬ್ಬಿ. ಪಾಪದ ಪ್ರಾಣಿಗಳು, ಏನು ಹಾಕಿದ್ರೂ ತಿನ್ನುತ್ವೆ."

ಅಂದಿನಿಂದ ಅವಳು ಗೊತ್ತಿಲ್ಲದ್ದನ್ನು ಬರೆದಿರಲಿಲ್ಲ. ಅಂಥ ಚೌಕಗಳನ್ನು ದೊಡ್ಡಕ್ಕನೇ ತುಂಬುತ್ತಿದ್ದಳು. ಹೇಗೆ ಎಂದು ಕೇಳುವುದಕ್ಕೆ ಗುಬ್ಬಿಗೆ ಅವಸರವಿರಲಿಲ್ಲ. ದೊಡ್ಡಕ್ಕ ಇದ್ದಳಲ್ಲ.

* * *

"ಸ್ಮಶಾನದ ಗಾಡಿ ಬಂತು!" ಹೊರಗಿನಿಂದ ಯಾರೋ ಕೂಗಿದರು.

"ಈಗ ಎಷ್ಟು ಅಂತ ಹಾಕ್ಲಿ?" ಗುಬ್ಬಿ ಖಾಲಿ ಚೌಕದ ಮೇಲೆ ಬೆರಳಿಟ್ಟಳು. "ತಪ್ಪಾದ್ರೆ ಮರಿಗಳ ಕಾಲೇ ನಿಲ್ಲಲ್ಲ ಅಕ್ಕ."

ಮಗಳು ಹಳೆಯ ಪಟ್ಟಿಯತ್ತ ಬೆರಳು ಮಾಡಿ ಕೇಳಿದಳು, "ಅಮ್ಮ ಹಳೇದಕ್ಕೆ ಹೇಗೆ ಹಾಕಿದ್ಲು?"

"ಪೂರ್ತಿ ಪರೀಕ್ಷೆ ಮಾಡಿಸಿದ್ರು." ಗುಬ್ಬಿ ಪರದೆಯನ್ನೇ ನುಂಗುವಂತೆ ನೋಡಿದಳು. ತುಟಿ ಅಲ್ಲಾಡಿದವು. "ತಡೀರಿ. ಸೋಯಾ ಸೋಯಾನೇ. ಹಳೇದರ ಪ್ರೋಟೀನಲ್ಲಿ ಲೈಸಿನ್ ಎಷ್ಟು ಪಾಲೋ, ಇದರದ್ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಪಾಲಿರಬೇಕು. ಇದರ ಪ್ರೋಟೀನ್ ಸ್ವಲ್ಪ ಕಮ್ಮಿ. ಹಾಗಾದ್ರೆ ಲೈಸಿನ್ನೂ ಅಷ್ಟೇ ಇಳಿಸಿ... ಇನ್ನೂ ಒಂದು ಚೂರು ಇಳಿಸ್ತೀನಿ, ಭಯಕ್ಕೆ. ಇಲ್ಲಿ ಕಮ್ಮಿ ಅಂದ್ರೆ ಇದು ಬೇರೆ ಕಡೆಯಿಂದ ಹೆಚ್ಚು ಸೇರಿಸುತ್ತೆ."

"ಇಳಿಸು."

"ಗೊತ್ತಿಲ್ಲದ್ದನ್ನ ಬರೀತಿದೀನಿ."

"ಯೋಚನೆ ಮಾಡಿ ಬರೀತಿದೀಯ. ಬರಿ."

ಅತ್ತೆ ಮತ್ತೆ ಬಂದಳು. "ಎದ್ದೇಳೇ ತಾಯಿ, ಎತ್ತೋ ಹೊತ್ತಾಯ್ತು. ನಿಮ್ಮಪ್ಪ ಹುಡುಕ್ತಿದಾನೆ."

"ಬಂದೆ ಅತ್ತೆ, ಒಂದ್ನಿಮಿಷ!"

ಅದೇ ಲೆಕ್ಕದಲ್ಲಿ ಉಳಿದ ಚೌಕಗಳೂ ಒಂದೊಂದಾಗಿ ತುಂಬಿದವು. ಅತ್ತೆಯೂ ಕತ್ತು ಚಾಚಿ ನೋಡುತ್ತ ನಿಂತಳು. ಗುಬ್ಬಿ ಕಣ್ಣು ಮುಚ್ಚಿ ಬಟನ್ ಒತ್ತಿದಳು.

"ಹಸಿರು," ಅಂದಳು ಮಗಳು. ಮತ್ತೆ ಜೋರಾಗಿ, "ಗುಬ್ಬೀ, ಹಸಿರು ಕಣೇ!"

ಗುಬ್ಬಿ ಕಿರುಚಿದಳು. ನಡುಮನೆಯಲ್ಲಿ ಅಳುತ್ತಿದ್ದವರು ಬೆಚ್ಚಿ ಸುಮ್ಮನಾದರು. ಕಾರ್ಖಾನೆಯಲ್ಲಿ ಆಹಾರ ಬೆರೆಸುವ ಮಿಕ್ಸರ್ ಅಣ್ಣ ಮಾತ್ರ, ಹೆಣ ಎತ್ತಲು ಅಂಗಿಯ ತೋಳು ಮಡಚಿ ನಿಂತಿದ್ದವನು, ಅಲ್ಲಿಂದಲೇ ಕೂಗಿದ. "ಬಂತಾ?"

"ಬಂತೂ!"

ಅವನು ಅಪ್ಪನ ಕೈ ಹಿಡಿದುಕೊಂಡ. "ತಪ್ಪು ತಿಳೀಬೇಡಿ ಯಜಮಾನ್ರೇ. ಹೆಗಲು ಕೊಡಬೇಕು ಅಂತ ಬಂದಿದ್ದೆ. ಮಿಕ್ಸರ್ ಹಾಕ್ಬೇಕು."

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. "ಹೋಗಿ," ಎಂದ. "ಅವಳ ಕೆಲಸ ಅಲ್ವಾ, ಹೋಗಿ."

ಗುಬ್ಬಿ ಲೆಕ್ಕವನ್ನು ಅವನ ಫೋನಿಗೆ ಕಳಿಸುತ್ತಿದ್ದಂತೆ ಮಿಕ್ಸರ್ ಅಣ್ಣ ಮೆಟ್ಟಿಲಿಳಿದು ಓಡಿದ. ಅವನ ಜಾಗದಲ್ಲಿ ಮಗಳು ಹೆಗಲು ಕೊಟ್ಟಳು.

* * *

ಮಣ್ಣು ಮಾಡಿ ಹಿಂತಿರುಗುವಾಗ ಕಾರಿನಲ್ಲಿ ಅಪ್ಪ ಕೇಳಿದ, "ಆ ಗಲಾಟೆ ಏನದು?"

ಮಗಳು ಹೇಳಿದಳು. ಹಿಂಡಿ, ಖಾಲಿ ಚೌಕ, ಕುರ್ಚಿ, ಚಹಾ, ಎಲ್ಲ. ಲೈಸಿನ್ ಯಾರೆಂಬುದನ್ನೂ.

"ಮದುವೆಗೆ ಅಂತ ನಾನು ಸೀರೆ ಬೇರೆ ತೆಗೆದಿಡು ಅಂದಿದ್ದೆ," ಎಂದ ಅಪ್ಪ. ಹಿಂದಿನ ಸೀಟಿನಲ್ಲಿದ್ದ ಗುಬ್ಬಿ ಬಾಯಿಗೆ ಶಾಲು ತುರುಕಿಕೊಂಡಳು. ಅಪ್ಪನ ಭುಜ ಕುಲುಕಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹಿಂದಿನಿಂದ ತಿಳಿಯಲಿಲ್ಲ.

"ಗುಬ್ಬಿ, ಆ ಶೆಡ್ಡು ದೂರವಾ?"

"ಇಲ್ಲೇ ಭಾವ, ಸೇತುವೆ ದಾಟಿದ್ರೆ."

ಅವರು ಹೋಗುವಷ್ಟರಲ್ಲಿ ಮರಿಗಳು ಬಂದು ಹೊತ್ತಾಗಿತ್ತು. ನೆಲಕ್ಕೆ ಹಾಸಿದ ಕಾಗದದ ಮೇಲೆ ಆಹಾರ ಚೆಲ್ಲಿತ್ತು. ಹಳದಿ ಮರಿಗಳು ಒಂದರ ಮೇಲೊಂದು ಬಿದ್ದು ಕುಕ್ಕುತ್ತಿದ್ದವು. ಕಾಗದದ ಮೇಲೆ ಕೊಕ್ಕುಗಳ ಸದ್ದು ಶೆಡ್ಡಿನ ಉದ್ದಕ್ಕೂ ಚಟಪಟ ಹಬ್ಬಿತ್ತು. ಶೆಡ್ಡಿನ ಒಡತಿ ಬಾಯಿಗೆ ಕೈ ಅಡ್ಡ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಮಿಕ್ಸರ್ ಅಣ್ಣನ ಶುಭ್ರ ಅಂಗಿಯ ತುಂಬ ಹಿಟ್ಟಿತ್ತು.

ಗುಬ್ಬಿ ಒಂದು ಮರಿಯನ್ನು ಹಿಡಿದು ಅಪ್ಪನ ಅಂಗೈಯಲ್ಲಿಟ್ಟಳು. ಅವನ ಉಗುರುಗಳಲ್ಲಿ ಇನ್ನೂ ಹಸಿ ಮಣ್ಣಿತ್ತು.

"ಇಲ್ಲಿ, ಕೊರಳ ಕೆಳಗೆ ಮುಟ್ಟಿ ನೋಡಿ ಭಾವ. ತಿಂದಿದ್ದು ಮೊದಲು ಇಲ್ಲೇ ಸೇರೋದು. ಮೆತ್ತಗೆ."

ಅಪ್ಪ ತೋರುಬೆರಳು ಚಾಚಿದ. ತುಪ್ಪಳದ ಕೆಳಗೆ ಬಟಾಣಿ ಗಾತ್ರದ ಉಬ್ಬು, ಬೆಚ್ಚಗೆ, ಬಿಗಿಯಾಗಿ, ಬೆರಳಿಗೆ ಸಿಕ್ಕಿತು.